ನಾಲ್ಕು ಊರು, ನಾಲ್ಕು ಪ್ರತಿ

ಮನೆಯಲ್ಲಿ ಕಳೆದುಹೋಗುವ ವಸ್ತುಗಳಲ್ಲಿ ಎರಡು ಬಗೆಯುಂಟು. ಹಣವೋ ಒಡವೆಯೋ ಕಳೆದರೆ ಅದೇ ದಿನ ಮನೆಯವರೆಲ್ಲರಿಗೂ ತಿಳಿಯುತ್ತದೆ, ಹುಡುಕಾಟ ನಡೆಯುತ್ತದೆ, ಸಿಗದಿದ್ದರೆ ದುಡಿದು ಮತ್ತೆ ತುಂಬಿಕೊಳ್ಳಬಹುದು. ತಾಯಿಯ ಧ್ವನಿ, ತಂದೆಯ ಕೈಬರಹ, ಮದುವೆಮನೆಯ ಚಿತ್ರ ಇಂಥವು ಕಳೆದರೆ ಯಾರಿಗೂ ಕೂಡಲೇ ತಿಳಿಯುವುದಿಲ್ಲ. ಅವು ಬೇಕೆನಿಸಿದ ದಿನವೇ ಅವು ಇಲ್ಲವೆಂಬುದು ಗೊತ್ತಾಗುವುದು. ಅಂದು ಹಣ ಕೊಟ್ಟು ತರಲು ಯಾವ ಅಂಗಡಿಯೂ ಇರುವುದಿಲ್ಲ.

ಚಿತ್ರದುರ್ಗದ ನಿವೃತ್ತ ಗಣಿತೋಪಾಧ್ಯಾಯರೊಬ್ಬರ ಮನೆಯಲ್ಲಿ ನಡೆದುದು ಈ ಎರಡನೆಯ ಬಗೆಯ ನಷ್ಟ. ಅವರ ತಂದೆ 1984ರಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡು ತಂದಿದ್ದರು. ಅಂದಿನಿಂದ ಹದಿನೈದು ವರ್ಷಗಳ ಕಾಲ ಮನೆಯಲ್ಲಿ ಕೇಳಿಬಂದ ಧ್ವನಿಗಳನ್ನೆಲ್ಲ ಅವರು ಕಾಸೆಟ್ಟುಗಳಲ್ಲಿ ಹಿಡಿದಿಟ್ಟರು. ಹೆಂಡತಿ ರಾಗಿ ಬೀಸುವಾಗ ಹಾಡಿಕೊಳ್ಳುತ್ತಿದ್ದ ಹಾಡುಗಳು, ಮೊಮ್ಮಕ್ಕಳ ತೊದಲು ಮಾತು, ಹೆಣ್ಣುಮಕ್ಕಳ ಮದುವೆಯ ದಿನದ ಗದ್ದಲ, ಮಾರಿಕಣಿವೆಯ ಕೆರೆ 1933ರಲ್ಲಿ ಕೋಡಿ ಬಿದ್ದುದನ್ನು ಕುರಿತು ಹಿರಿಯರೊಬ್ಬರು ಹೇಳಿದ ಕಥೆ, ಹೀಗೆ ಒಟ್ಟು 112 ಕಾಸೆಟ್ಟುಗಳು ಎರಡು ಮರದ ಪೆಟ್ಟಿಗೆಗಳಲ್ಲಿ ತುಂಬಿದವು.

ಉಪಾಧ್ಯಾಯರಿಗೆ ಒಬ್ಬ ತಮ್ಮ, ಇಬ್ಬರು ತಂಗಿಯರು. ತಮ್ಮನು ಹಿರಿಯೂರಿನಲ್ಲಿ ಬಟ್ಟೆಯ ವ್ಯಾಪಾರಿ. ದೊಡ್ಡ ತಂಗಿಯನ್ನು ಹೊಸದುರ್ಗಕ್ಕೂ ಚಿಕ್ಕವಳನ್ನು ಹೊಳಲ್ಕೆರೆಗೂ ಕೊಟ್ಟಿದ್ದರು. ನಾಲ್ಕು ಮನೆಗಳೂ ಒಂದೇ ಜಿಲ್ಲೆಯಲ್ಲಿ ಇದ್ದುದರಿಂದ ಹೋಗಿಬರುವುದು ಸುಲಭವಾಗಿತ್ತು. ಕಾಸೆಟ್ಟುಗಳು ಮಾತ್ರ ಹಿರಿಯಣ್ಣನ ಮನೆಯಲ್ಲಿಯೇ ಉಳಿದವು. ಅವು ಹಿರಿಯನ ಮನೆಯಲ್ಲಿರುವುದೇ ಕ್ಷೇಮವೆಂದು ಎಲ್ಲರೂ ಒಪ್ಪಿದ್ದರು.

2017ರಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಉಪಾಧ್ಯಾಯರ ಮಗನು ರಜೆಯ ದಿನಗಳಲ್ಲಿ ಕುಳಿತು ಆ ಕಾಸೆಟ್ಟುಗಳನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿದನು. ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ 112 ಕಾಸೆಟ್ಟುಗಳೂ ಅಡಗಿದವು. ಎರಡು ವರ್ಷಗಳ ತರುವಾಯ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಇನ್ನು ಇವುಗಳ ಅಗತ್ಯವೇನೆಂಬ ಮಾತು ಬಂದಿತು. ಉಪಾಧ್ಯಾಯರು ಒಪ್ಪಿದರು. 68 ಕಾಸೆಟ್ಟುಗಳಿದ್ದ ಒಂದು ಪೆಟ್ಟಿಗೆ ಹಳೆಯ ಸಾಮಾನಿನವನ ಕೈಗಾಡಿಯನ್ನೇರಿತು. ಇನ್ನೊಂದು ಪೆಟ್ಟಿಗೆ ಅಟ್ಟದ ಮೇಲೆ ತಾಮ್ರದ ಹಂಡೆಯ ಹಿಂದೆ ಮರೆಯಾಗಿದ್ದುದರಿಂದ ಮಾತ್ರ ಉಳಿಯಿತು. 2021ರಲ್ಲಿ ತಾಯಿ ತೀರಿಕೊಂಡರು.

2023ರ ಬೇಸಿಗೆಯಲ್ಲಿ ಆ ಹಾರ್ಡ್ ಡಿಸ್ಕು ಮೇಜಿನ ಮೇಲಿಂದ ಕೆಳಕ್ಕೆ ಬಿದ್ದಿತು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಸಾವಿರ ಪಾಲು ಕಡಿಮೆ ಅಂತರದಲ್ಲಿ, ಓದುವ ತಲೆಯು ಗಾಳಿಯ ಪದರದ ಮೇಲೆ ತೇಲುತ್ತದೆ. ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ತಲೆಯು ತಟ್ಟೆಯನ್ನು ಗೀರುತ್ತದೆ. ಗೀರಿದಲ್ಲಿದ್ದ ಬರಹ ಪುಡಿಯಾಗಿ ಹೋಗುತ್ತದೆ. ಟಕಟಕ ಎಂಬ ಸದ್ದೊಂದನ್ನುಳಿದು ಆ ಡಿಸ್ಕಿನಿಂದ ಬೇರೇನೂ ಹೊರಡಲಿಲ್ಲ. ಬೆಂಗಳೂರಿನ ತಜ್ಞರೊಬ್ಬರು ಬಿಚ್ಚಿ ನೋಡಿ, ತಟ್ಟೆಗಳು ಗೀರಿವೆ, ಮರಳಿ ಪಡೆಯಲಾಗದು ಎಂದು ತಿಳಿಸಿದರು. ಅಟ್ಟದ ಮೇಲೆ ಉಳಿದಿದ್ದ 44 ಕಾಸೆಟ್ಟುಗಳನ್ನು ಮತ್ತೆ ಇಳಿಸಿಕೊಳ್ಳಬಹುದಿತ್ತು. ರಾಗಿ ಬೀಸುವ ಹಾಡುಗಳಿದ್ದುದು ಕೈಗಾಡಿಯೇರಿದ ಪೆಟ್ಟಿಗೆಯಲ್ಲಿ.

ಉಪಾಧ್ಯಾಯರು ಈ ಸಂಗತಿಯನ್ನು ತಮ್ಮನಿಗಾಗಲಿ ತಂಗಿಯರಿಗಾಗಲಿ ತಿಳಿಸಲಿಲ್ಲ. ಮಗನಿಗೂ ಬಾಯಿಬಿಡಬಾರದೆಂದರು. ಕಾಪಾಡುತ್ತೇನೆಂದು ಒಪ್ಪಿಕೊಂಡವನೇ ಕಳೆದನೆಂಬ ಮಾತನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ. ಅದರ ಬದಲು ಅವರು ಮನಸ್ಸಿನಲ್ಲಿಯೇ ಒಂದು ಪ್ರಾಯಶ್ಚಿತ್ತವನ್ನು ನಿಶ್ಚಯಿಸಿಕೊಂಡರು. ಇನ್ನು ಮುಂದೆ ಈ ಮನೆಯಲ್ಲಿ ಯಾವುದೂ ಕಳೆಯಬಾರದು. ಅದಕ್ಕೆ ತಕ್ಕ ಭದ್ರವಾದ ಭಂಡಾರವೊಂದು ಆಗಬೇಕು.

ಮಗನು ಒಂದು ಉಪಾಯವನ್ನು ಸೂಚಿಸಿದನು. ದೊಡ್ಡ ಸಂಸ್ಥೆಗಳ ಗಣಕ ಕೇಂದ್ರಗಳಲ್ಲಿ ಹಗಲಿರುಳು ನಡೆಯಲೆಂದೇ ತಯಾರಾದ ಹಾರ್ಡ್ ಡಿಸ್ಕುಗಳಿವೆ. ಆ ಸಂಸ್ಥೆಗಳು ಸಾಮಾನ್ಯವಾಗಿ ಐದಾರು ವರ್ಷಗಳಿಗೊಮ್ಮೆ ಯಂತ್ರಗಳನ್ನು ಬದಲಿಸುವುದರಿಂದ, ಇನ್ನೂ ಬಾಳಿಕೆ ಬರಬಹುದಾದ ಡಿಸ್ಕುಗಳು ಹೊಸದರ ಬೆಲೆಯ ಒಂದು ಭಾಗಕ್ಕೆ ದೊರೆಯುತ್ತವೆ. 2024ರ ಆರಂಭದಲ್ಲಿ ಅವನು ಬೆಂಗಳೂರಿನ ವ್ಯಾಪಾರಿಯೊಬ್ಬನಿಂದ ತಲಾ 4 ಟೆರಾಬೈಟಿನ ಅಂತಹ ನಾಲ್ಕು ಡಿಸ್ಕುಗಳನ್ನು ಕೊಂಡು ಚಿತ್ರದುರ್ಗಕ್ಕೆ ತಂದನು. ಮನೆಯಲ್ಲಿ ಹನ್ನೆರಡು ವರ್ಷಗಳಷ್ಟು ಹಳೆಯದೊಂದು ಗಣಕಯಂತ್ರ ಮೂಲೆ ಸೇರಿತ್ತು. ಅದಕ್ಕೆ ಇವನ್ನು ಜೋಡಿಸಿದರೆ ಭಂಡಾರ ಸಿದ್ಧವೆಂದು ತಂದೆ ಮಗ ಇಬ್ಬರೂ ಭಾವಿಸಿದರು.

ಜೋಡಿಸಲು ಹೋದಾಗ ಮೊದಲ ತಡೆ ಎದುರಾಯಿತು. ಮನೆಬಳಕೆಯ ಡಿಸ್ಕುಗಳ ಮುಖದಲ್ಲಿ ಎರಡು ಹಲ್ಲುಗಳ ನಡುವೆ ಬಿಡುವಿರುತ್ತದೆ; ಈ ಡಿಸ್ಕುಗಳಲ್ಲಿ ಆ ಬಿಡುವು ಮುಚ್ಚಿತ್ತು. ಹಳೆಯ ಯಂತ್ರದ ಕೇಬಲ್ಲು ಅದರೊಳಗೆ ಹೋಗದು. ಮನೆಯ ಯಂತ್ರಗಳು ಆಡುವ ಭಾಷೆ ಸಾಟಾ. ಈ ಡಿಸ್ಕುಗಳ ಭಾಷೆ ಸಾಸ್. ಸಾಸ್ ಬಲ್ಲ ನಿಯಂತ್ರಕಕ್ಕೆ ಸಾಟಾ ಡಿಸ್ಕನ್ನು ಜೋಡಿಸಿದರೆ ಅದು ನಡೆಯುತ್ತದೆ. ಸಾಟಾ ಮಾತ್ರ ಬಲ್ಲ ನಿಯಂತ್ರಕಕ್ಕೆ ಸಾಸ್ ಡಿಸ್ಕು ತಿಳಿಯುವುದಿಲ್ಲ. ಮುಖಗಳನ್ನು ಕೂಡಿಸುವ ಅಗ್ಗದ ತುಣುಕುಗಳು ಪೇಟೆಯಲ್ಲಿ ಸಿಗುತ್ತವೆ. ಅವು ಬರಿಯ ಕೊಂಡಿಗಳು. ಅವುಗಳಿಂದ ಭಾಷೆ ಬದಲಾಗುವುದಿಲ್ಲ. ಅಂತಹದೊಂದನ್ನು ಕೊಂಡು ನೂರೈವತ್ತು ರೂಪಾಯಿ ಕಳೆದುಕೊಂಡ ಮೇಲೆಯೇ ಈ ಭೇದ ಅವರಿಗೆ ಮನದಟ್ಟಾಯಿತು.

ಬೇಕಾಗಿದ್ದುದು ಹೋಸ್ಟ್ ಬಸ್ ಅಡಾಪ್ಟರ್ ಎಂಬ ದುಭಾಷಿ ಕಾರ್ಡು. ಹಳೆಯದಾದರೂ ಹೆಸರಾದ ಎಲ್‌ಎಸ್‌ಐ 9211-8ಐ ಎಂಬ ಕಾರ್ಡನ್ನು ಮಗನು ಕೊಂಡುತಂದನು. ಎಂಟು ಡಿಸ್ಕುಗಳನ್ನು ನೇರವಾಗಿ ಹಿಡಿಯಬಲ್ಲ ಆ ಕಾರ್ಡು, ಯಂತ್ರದಲ್ಲಿ ಚಿತ್ರದ ಕಾರ್ಡಿಗೆಂದು ಇರುವ ಉದ್ದನೆಯ ಖಾನೆಯಲ್ಲಿ ಕುಳಿತಿತು. ಡಿಸ್ಕುಗಳನ್ನು ತಾನೇ ಗುಂಪುಗೂಡಿಸದೆ ಒಂದೊಂದನ್ನೂ ಇದ್ದಂತೆಯೇ ತೋರಿಸುವ ಐಟಿ ಮೋಡ್ ತಂತ್ರಾಂಶವನ್ನು ಅದರಲ್ಲಿ ತುಂಬಿದರು. ಒಂದು ತುದಿ ಕಾರ್ಡಿಗೆ, ನಾಲ್ಕಾಗಿ ಕವಲೊಡೆದ ಇನ್ನೊಂದು ತುದಿ ನಾಲ್ಕು ಡಿಸ್ಕುಗಳಿಗೆ ಹೋಗುವ ಕೇಬಲ್ಲು ಬಂದಿತು. ಸರ್ವರ್ ಪೆಟ್ಟಿಗೆಯ ಬಿರುಗಾಳಿಯಲ್ಲಿ ಕೆಲಸ ಮಾಡಲೆಂದು ರಚಿತವಾದ ಈ ಕಾರ್ಡು ಮನೆಯ ನಿಶ್ಚಲ ಗಾಳಿಯಲ್ಲಿ ಕೈಯಿಡಲಾಗದಷ್ಟು ಕಾಯುತ್ತದೆ. ಚಿತ್ರದುರ್ಗದ ಕಲ್ಲುಬಂಡೆಗಳ ಬೇಸಿಗೆಯಲ್ಲಿ ಅದಕ್ಕೊಂದು ಪುಟ್ಟ ಫ್ಯಾನು ಅನಿವಾರ್ಯವಾಯಿತು. ಹೊರಡುವ ಕ್ಷಣದಲ್ಲಿ ಒಂದೊಂದು ಡಿಸ್ಕೂ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ ಹಳೆಯ ಪವರ್ ಸಪ್ಲೈಯನ್ನೂ ಬದಲಿಸಬೇಕಾಯಿತು. ಅಗ್ಗವೆಂದು ತಂದ ಡಿಸ್ಕುಗಳು ಹೀಗೆ ಒಂದರ ಹಿಂದೊಂದು ಖರ್ಚನ್ನು ಕರೆತಂದವು.

ಇಷ್ಟಾದ ಮೇಲೂ ಮೂರು ಡಿಸ್ಕುಗಳು ಕಂಡರೂ ಬಳಕೆಗೆ ಬಾರದಾದವು. ಸಾಮಾನ್ಯ ಡಿಸ್ಕಿನಲ್ಲಿ ಬರಹವು 512 ಬೈಟುಗಳ ಚಿಕ್ಕ ಖಾನೆಗಳಲ್ಲಿ ನಿಲ್ಲುತ್ತದೆ. ಕೆಲವು ದೊಡ್ಡ ಶೇಖರಣಾ ಯಂತ್ರಗಳು ಪ್ರತಿ ಖಾನೆಯ ಬರಹವು ಸರಿಯಿದೆಯೇ ಎಂದು ತಾಳೆ ನೋಡಲು ಇನ್ನೂ 8 ಬೈಟುಗಳನ್ನು ಸೇರಿಸಿ 520 ಬೈಟುಗಳ ಖಾನೆಯನ್ನು ಬಳಸುತ್ತವೆ. ಮನೆಯ ಯಂತ್ರಕ್ಕೆ ಆ ಅಳತೆ ತಿಳಿಯದು. ಲಿನಕ್ಸ್ ವ್ಯವಸ್ಥೆಯಲ್ಲಿ ದೊರೆಯುವ ಒಂದು ಆಜ್ಞೆಯಿಂದ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ 512ರ ಅಳತೆಗೆ ಮರಳಿ ರೂಪಿಸಬೇಕಾಯಿತು. ಒಂದೊಂದಕ್ಕೂ ಇಡೀ ಹಗಲು ಹಿಡಿಯಿತು. ಎರಡನೆಯದು ಮುಗಿಯುವ ಹೊತ್ತಿಗೆ ವಿದ್ಯುತ್ತು ಹೋಗಿ ಆ ಡಿಸ್ಕು ಅರೆರೂಪದಲ್ಲಿ ನಿಂತುಬಿಟ್ಟಿತು; ಯುಪಿಎಸ್ ತಂದು ಮತ್ತೆ ಮೊದಲಿನಿಂದ ಆರಂಭಿಸಿದರು. ಉಪಾಧ್ಯಾಯರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಶೇಕಡಾವಾರು ಅಂಕಿ ಏರುವುದನ್ನು ನೋಡುತ್ತ ಕುಳಿತರು. ಹಳೆಯ ತಪ್ಪೊಂದು ಅಷ್ಟಷ್ಟಾಗಿ ತೊಳೆದುಹೋಗುತ್ತಿದೆಯೆಂಬ ಭಾವ ಅವರಲ್ಲಿತ್ತು.

ನಾಲ್ಕನೆಯ ಡಿಸ್ಕಿಗೆ ಈ ಕಷ್ಟವಿರಲಿಲ್ಲ. ಅದು ಮೊದಲೇ 512ರ ಅಳತೆಯಲ್ಲಿತ್ತು. ಜೋಡಿಸಿದೊಡನೆ ತೆರೆದುಕೊಂಡಿತು. ಅದು ಬರಿದಾಗಿರಲಿಲ್ಲ.

ಅದರಲ್ಲಿ ಯಾವುದೋ ಸಂಸ್ಥೆಯ ಲೆಕ್ಕಪತ್ರಗಳಿದ್ದವು. ನೌಕರರ ಹೆಸರಿನ ಪಟ್ಟಿಗಳಿದ್ದವು. ಅವರ ಗುರುತಿನ ಚೀಟಿಗಳ ನಕಲುಗಳಿದ್ದವು. ಮಗನು ತಿಳಿಯದೆ ತೆರೆದ ಮೊದಲ ಕಡತದಲ್ಲಿ ಒಂದು ಮಗುವಿನ ಹುಟ್ಟುಹಬ್ಬದ ಚಿತ್ರವಿತ್ತು. ಯಾರೋ ನೌಕರರು ಮನೆಯ ಚಿತ್ರಗಳನ್ನು ಕಛೇರಿಯ ಯಂತ್ರದಲ್ಲಿ ಇಟ್ಟುಕೊಂಡಿದ್ದಿರಬೇಕು. ಕಾಗದದ ಟೋಪಿ ಹಾಕಿಕೊಂಡ ಆ ಮಗು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿತ್ತು.

ಇಲ್ಲಿ ತಂದೆ ಮಗನಿಗೆ ಭಿನ್ನಾಭಿಪ್ರಾಯ ಬಂದಿತು. ಹಣ ಕೊಟ್ಟು ಕೊಂಡ ಡಿಸ್ಕು, ಆದುದರಿಂದ ನೋಡಿದರೆ ತಪ್ಪೇನೆಂಬಷ್ಟು ಒರಟನಲ್ಲ ಮಗ. ಅವನ ವಾದ ಸದ್ಭಾವದ್ದೇ ಆಗಿತ್ತು. ಇನ್ನಷ್ಟು ಕಡತಗಳನ್ನು ನೋಡಿದರೆ ಇದು ಯಾರದೆಂದು ತಿಳಿದೀತು, ತಿಳಿದರೆ ಅವರಿಗೆ ಮರಳಿಸಬಹುದು ಎಂದನು. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಅವರು ಹೇಳಿದ ಮಾತಿನ ಸಾರಾಂಶವಿಷ್ಟು. ಕೊಂಡುದು ಪೆಟ್ಟಿಗೆಯನ್ನು ಮಾತ್ರ. ಒಳಗಿನದನ್ನು ಯಾರೂ ನಮಗೆ ಮಾರಿಲ್ಲ, ಯಾರೂ ಕೊಟ್ಟಿಲ್ಲ. ಕೊಡದುದನ್ನು ತೆಗೆದುಕೊಳ್ಳಬಾರದೆಂಬುದು ಅಚೌರ್ಯದ ಮೊದಲ ಪಾಠ. ನೋಡುವುದೂ ಒಂದು ಬಗೆಯ ತೆಗೆದುಕೊಳ್ಳುವಿಕೆಯೇ. ಒಡೆಯನನ್ನು ಹುಡುಕಲೆಂದು ನೂರು ಜನರ ಗುಟ್ಟುಗಳನ್ನು ಓದಿದರೆ, ಮರಳಿಸುವ ಹೊತ್ತಿಗೆ ನೂರು ಸಲ ಕದ್ದಂತಾಗುತ್ತದೆ.

ಆ ಮಾತು ಹೇಳುವಾಗ ಅವರ ಕಣ್ಣಮುಂದೆ ಬೇರೊಂದು ದೃಶ್ಯವಿದ್ದಿತು. ಕೈಗಾಡಿಯಲ್ಲಿ ಹೋದ 68 ಕಾಸೆಟ್ಟುಗಳು ಎಲ್ಲಿ ಹೋದವು? ಯಾವುದೋ ಗುಜರಿಯ ಮೂಲೆಯಲ್ಲಿ ಯಾರೋ ಅಪರಿಚಿತನು ತಮ್ಮ ತಾಯಿಯ ದನಿಯನ್ನು ಕೇಳಿ ನಕ್ಕಿರಬಹುದು. ತನ್ನ ಮನೆಯ ಗುಟ್ಟು ಬೀದಿಗೆ ಬಿದ್ದಾಗ ಇತರರು ಹೇಗೆ ನಡೆದುಕೊಳ್ಳಲಿ ಎಂದು ಬಯಸುವರೋ ಹಾಗೆ ನಡೆದುಕೊಳ್ಳುವ ಸರದಿ ಈಗ ತಮ್ಮದೆಂದು ಅವರಿಗೆ ತೋರಿತು.

ಕಡತಗಳನ್ನು ಅಳಿಸುವುದೆಂದರೆ ಒಂದು ಗುಂಡಿ ಒತ್ತುವುದೆಂದು ಅನೇಕರು ತಿಳಿದಿದ್ದಾರೆ. ಗುಂಡಿ ಒತ್ತಿದರೆ ಅಳಿಯುವುದು ವಿಷಯಸೂಚಿಕೆ ಮಾತ್ರ. ಪುಟಗಳು ಹಾಗೆಯೇ ಇರುತ್ತವೆ. ನಿಜವಾಗಿ ಅಳಿಯಬೇಕಾದರೆ ಪುಟಪುಟವನ್ನೂ ಸೊನ್ನೆಗಳಿಂದ ಮುಚ್ಚಬೇಕು. 4 ಟೆರಾಬೈಟನ್ನು ಹಾಗೆ ಮುಚ್ಚಲು ಸುಮಾರು ಒಂಬತ್ತು ಗಂಟೆ ಹಿಡಿಯಿತು. ಬೇರೊಂದು ಕಡತವನ್ನೂ ತೆರೆಯದೆ ಅಷ್ಟನ್ನೂ ಮುಚ್ಚಿದರು. ನಿಮ್ಮಿಂದ ಬಂದ ಡಿಸ್ಕುಗಳಲ್ಲಿ ಒಂದು ಅಳಿಸದೆಯೇ ಬಂದಿತ್ತು, ಮುಂದೆ ಹೀಗಾಗದಿರಲಿ ಎಂದು ವ್ಯಾಪಾರಿಗೆ ತಿಳಿಸಿದರು. ಒಳಗೆ ಏನಿತ್ತೆಂಬುದನ್ನು ಹೇಳಲಿಲ್ಲ.

ನಮ್ಮ ಟ್ರಸ್ಟುಗಳೂ ಕುಟುಂಬಗಳೂ ಇದನ್ನು ಗಮನಿಸುವುದು ಯುಕ್ತ. ಬಸದಿಯ ಕಛೇರಿಯಲ್ಲಿ ದಾನಿಗಳ ವಿಳಾಸ, ದೂರವಾಣಿ, ಬ್ಯಾಂಕಿನ ವಿವರಗಳಿರುವ ಗಣಕಯಂತ್ರಗಳು ಇಂದು ಎಲ್ಲೆಡೆ ಇವೆ. ಅವು ಹಳತಾದಾಗ ಅಂಗಡಿಗೆ ಹೋಗುವ ಮುನ್ನ ಅವುಗಳ ಡಿಸ್ಕನ್ನು ಪೂರ್ಣವಾಗಿ ಅಳಿಸುವುದು ದಾನಿಗೆ ಸಲ್ಲಿಸಬೇಕಾದ ಗೌರವ. ವ್ಯಕ್ತಿಗಳ ವಿವರಗಳನ್ನು ಕಾಪಾಡುವುದಕ್ಕಾಗಿ 2023ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯೊಂದು ಅಂಗೀಕಾರವಾಗಿದೆ. ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತ ಹೊಸ ನಿಯಮಗಳು ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಕಾಯಿದೆ ಇರಲಿ ಇಲ್ಲದಿರಲಿ, ನಂಬಿ ಕೊಟ್ಟವರ ಹೆಸರನ್ನು ಬೀದಿಯಲ್ಲಿ ಚೆಲ್ಲಬಾರದೆಂಬುದು ಮೊದಲಿನಿಂದಲೂ ಇರುವ ನಿಯಮ.

ಏಪ್ರಿಲ್ ಹೊತ್ತಿಗೆ ಭಂಡಾರ ಸಿದ್ಧವಾಯಿತು. ಹಳೆಯ ಡಿಸ್ಕುಗಳಲ್ಲವೇ, ಅವುಗಳ ಆರೋಗ್ಯವನ್ನೂ ಪರೀಕ್ಷಿಸಿದರು. ಪ್ರತಿ ಡಿಸ್ಕೂ ತಾನು ಎಷ್ಟು ಗಂಟೆ ದುಡಿದಿದ್ದೇನೆ, ಎಷ್ಟು ಕಡೆ ಸವೆದಿದ್ದೇನೆ ಎಂಬ ಲೆಕ್ಕವನ್ನು ತಾನೇ ಬರೆದಿಡುತ್ತದೆ. ನಾಲ್ಕೂ 40,000 ಗಂಟೆಗಳನ್ನು ದಾಟಿದ್ದವು. ಅಂದರೆ ನಾಲ್ಕೂವರೆ ವರ್ಷಕ್ಕೂ ಮಿಕ್ಕಿ ಎಡೆಬಿಡದ ದುಡಿಮೆ. ಒಂದರ ಸವೆದ ಖಾನೆಗಳ ಎಣಿಕೆ ಎರಡು ವಾರದಲ್ಲಿ ಸೊನ್ನೆಯಿಂದ 87ಕ್ಕೆ ಏರಿದುದರಿಂದ ಅದನ್ನು ತೆಗೆದಿಟ್ಟರು. ಎರಡನ್ನು ಒಂದಕ್ಕೊಂದು ಪ್ರತಿಬಿಂಬವಾಗಿ ನಿಲ್ಲಿಸಿದರು. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿಯುತ್ತದೆ. ಮೂರನೆಯದನ್ನು ಕಾದಿರಿಸಿದರು.

ಯಂತ್ರಕ್ಕೆ ತುಂಬಲೆಂದು ಮನೆಯಲ್ಲಿದ್ದುದನ್ನೆಲ್ಲ ಒಟ್ಟುಗೂಡಿಸಿದಾಗ ಮೊದಲ ವಿಸ್ಮಯ ಕಾದಿತ್ತು. ಉಳಿದ 44 ಕಾಸೆಟ್ಟುಗಳು, ಮದುವೆಗಳ ವಿಡಿಯೋ ಸುರುಳಿಗಳು, ಎಲ್ಲ ಆಲ್ಬಮ್ಮುಗಳ ಚಿತ್ರಗಳು, 2022ರ ಸೆಪ್ಟೆಂಬರಿನಲ್ಲಿ 89 ವರ್ಷಗಳ ಅನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿನ ತಮ್ಮನು ತೆಗೆದ ದೃಶ್ಯಗಳು, ಇವೆಲ್ಲ ಸೇರಿ 600 ಗಿಗಾಬೈಟನ್ನೂ ಮುಟ್ಟಲಿಲ್ಲ. ತಂದುದು 16 ಟೆರಾಬೈಟ್. ಅಗತ್ಯಕ್ಕಿಂತ ಇಪ್ಪತ್ತೈದು ಪಾಲು ಹೆಚ್ಚು! ಯಂತ್ರವನ್ನು ಹಗಲಿರುಳು ನಡೆಸಿದರೆ ದಿನಕ್ಕೆ ಎರಡು ಯೂನಿಟ್ಟಿಗೆ ಮೇಲ್ಪಟ್ಟು ವಿದ್ಯುತ್ತು ವ್ಯಯವಾಗುವುದನ್ನು ಕಂಡು, ಭಾನುವಾರದಂದು ನಾಲ್ಕು ಗಂಟೆ ಮಾತ್ರ ನಡೆಸುವುದೆಂದು ಉಪಾಧ್ಯಾಯರು ಗೊತ್ತುಮಾಡಿದರು. ಆದರೂ ಪೆಟ್ಟಿಗೆಯ ಗಾತ್ರ ಅವರಿಗೆ ಸಮಾಧಾನ ಕೊಡುತ್ತಿತ್ತು. ಅದು ಗುಂಯ್ ಎನ್ನುತ್ತ ತಿರುಗುವುದನ್ನು ಕೇಳುವಾಗ ಕಳೆದುದರ ನೆನಪು ಸ್ವಲ್ಪ ಹಿಂದೆ ಸರಿಯುತ್ತಿತ್ತು.

ಅದೇ ವರ್ಷದ ಆಗಸ್ಟಿನಲ್ಲಿ ತಾಯಿಯ ಸ್ಮರಣೆಯ ದಿನ ನಾಲ್ವರು ಒಡಹುಟ್ಟಿದವರೂ ಚಿತ್ರದುರ್ಗದ ಮನೆಯಲ್ಲಿ ಕೂಡಿದರು. ಊಟವಾದ ಮೇಲೆ ಉಪಾಧ್ಯಾಯರು ಭಂಡಾರವನ್ನು ಎಲ್ಲರಿಗೂ ತೋರಿಸಿದರು. ಕೋಡಿಯ ನೀರು ಧುಮುಕುವುದನ್ನು ಎಲ್ಲರೂ ನೋಡಿ ಸಂತೋಷಪಟ್ಟರು. ಆಗ ಹೊಳಲ್ಕೆರೆಯ ಚಿಕ್ಕ ತಂಗಿ, "ಅಣ್ಣಾ, ಅಮ್ಮ ರಾಗಿ ಬೀಸುವಾಗ ಹಾಡುತ್ತಿದ್ದ ಹಾಡು ಹಾಕು" ಎಂದಳು.

ಮಗನು ತಂದೆಯ ಮುಖವನ್ನು ನೋಡಿದನು. ಹುಡುಕಿ ಇನ್ನೊಂದು ದಿನ ಹಾಕುತ್ತೇನೆ ಎಂದು ಹೇಳಿಬಿಡುವುದು ಸುಲಭವಿತ್ತು. ಹದಿನೈದು ತಿಂಗಳು ಅಂತಹ ಮಾತುಗಳಿಂದಲೇ ಅವರು ಕಾಲ ನೂಕಿದ್ದರು. ಆ ದಿನ ಆ ಮಾತು ಅವರ ಬಾಯಿಂದ ಹೊರಡಲಿಲ್ಲ. ಪೆಟ್ಟಿಗೆಯನ್ನು ಗುಜರಿಗೆ ಕೊಡಲು ತಾವೇ ಒಪ್ಪಿದುದು, ಡಿಸ್ಕು ಬಿದ್ದುದು, ಎಲ್ಲವನ್ನೂ ಮುಚ್ಚಿಟ್ಟುದು, ಈ ದೊಡ್ಡ ಯಂತ್ರವನ್ನು ಕಟ್ಟಿದುದೂ ಆ ಅಳುಕಿನಿಂದಲೇ ಎಂಬುದು, ಒಂದನ್ನೂ ಬಿಡದೆ ಹೇಳಿದರು. ಹೇಳಿ ಮುಗಿಸುವ ಹೊತ್ತಿಗೆ ಅವರ ಧ್ವನಿ ಕುಗ್ಗಿತ್ತು.

ಮೊದಲು ಮಾತನಾಡಿದವಳು ಹೊಸದುರ್ಗದ ತಂಗಿ. ಕಳೆದುದಕ್ಕೆ ತನಗೆ ಕೋಪವಿಲ್ಲ, ಯಾರ ಕೈಯಿಂದಲಾದರೂ ಬೀಳಬಹುದಿತ್ತು. ಒಂದು ವರ್ಷ ತಮ್ಮೊಡನೆ ಕುಳಿತು ಉಂಡೂ ಹೇಳಲಿಲ್ಲವಲ್ಲ, ಅದು ನೋವು ಎಂದಳು. ಆ ಮಾತಿಗೆ ಉತ್ತರವಿರಲಿಲ್ಲ. ಉಪಾಧ್ಯಾಯರು ತಲೆ ತಗ್ಗಿಸಿ ಕ್ಷಮೆ ಬೇಡಿದರು. ಪರ್ಯುಷಣದ ಕೊನೆಯಲ್ಲಿ ಪ್ರತಿವರ್ಷವೂ ಎಲ್ಲರೊಡನೆ ಆಡಿಕೊಳ್ಳುವ ಕ್ಷಮೆಯ ಮಾತು, ಅಂದು ಮೊದಲ ಬಾರಿಗೆ ನಿಜವಾದ ಭಾರವನ್ನು ಹೊತ್ತು ಅವರ ಬಾಯಿಂದ ಬಂದಿತು.

ಬಳಿಕ ಹೊಳಲ್ಕೆರೆಯ ಭಾವನವರು ಏನನ್ನೋ ನೆನಪಿಸಿಕೊಂಡು ಹೆಂಡತಿಯ ಕಡೆ ತಿರುಗಿದರು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಕಾರಿನಲ್ಲಿ ಹೊರಟಾಗ, ದಾರಿಯಲ್ಲಿ ಕೇಳಲೆಂದು ಸೋದರಳಿಯನು ಒಂದು ಪೆನ್ ಡ್ರೈವಿನಲ್ಲಿ ಕೆಲವು ಹಾಡುಗಳನ್ನು ಹಾಕಿಕೊಟ್ಟಿದ್ದನಲ್ಲವೇ? ಆ ಕಾರನ್ನು ಮಾರಿ ಬಹಳ ದಿನವಾಗಿತ್ತು. ಪೆನ್ ಡ್ರೈವು ಮಾತ್ರ ಹೊಳಲ್ಕೆರೆಯ ಮನೆಯ ಮೇಜಿನ ಖಾನೆಯಲ್ಲಿ, ಹಳೆಯ ಕೀಲಿಕೈಗಳ ನಡುವೆ ಬಿದ್ದಿತ್ತು. ಮರುದಿನ ಬೆಳಿಗ್ಗೆಯೇ ಎಲ್ಲರೂ ಅಲ್ಲಿಗೆ ಹೋದರು. ಅದರಲ್ಲಿ 22 ಹಾಡುಗಳಿದ್ದವು, ಎಲ್ಲವೂ ತಾಯಿಯವೇ. ಬೀಸುವ ಕಲ್ಲಿನ ಗರಗರ ಸದ್ದಿನ ಹಿಂದಿನಿಂದ ಆ ದನಿ ಏರಿ ಬಂದಾಗ ಯಾರೂ ಮಾತನಾಡಲಿಲ್ಲ.

ಹಿರಿಯೂರಿನ ತಮ್ಮನ ಅಂಗಡಿಯ ಗಲ್ಲದಲ್ಲಿ ಇನ್ನೆರಡು ಕಾಸೆಟ್ಟುಗಳು ದೊರೆತವು. ಅವು ಬಹಳ ಹಿಂದೆ ಅವನು ಪ್ರತಿ ಮಾಡಿಸಿಕೊಂಡವು. ಇರುವುದರ ಮೇಲೆ ಇನ್ನೊಂದೇಕೆಂದು ಅಂದು ಅಣ್ಣನಿಂದ ಬೈಸಿಕೊಂಡಿದ್ದನು. ಉಳಿದ ಕಾಸೆಟ್ಟುಗಳಲ್ಲಿದ್ದುದು ಶಾಶ್ವತವಾಗಿ ಹೋಯಿತು. ಆದರೆ ಎಲ್ಲರೂ ಹೆಚ್ಚಾಗಿ ಬಯಸಿದ್ದುದು ಮರಳಿ ಬಂದಿತು. ಅದರ ಗಾತ್ರ 90 ಮೆಗಾಬೈಟ್. ಕಷ್ಟಪಟ್ಟು ಕಟ್ಟಿದ ಭಂಡಾರದಲ್ಲಿ ಅಂತಹವನ್ನು ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಇಡಬಹುದಿತ್ತು. ಅದನ್ನು ಉಳಿಸಿದುದು ಒಂದು ದಿನದ ಪ್ರಯಾಣಕ್ಕಾಗಿ ಪ್ರೀತಿಯಿಂದ ಕೊಟ್ಟ ಬೆರಳುದ್ದದ ವಸ್ತು.

ಉಪಾಧ್ಯಾಯರು ಗಣಿತ ಬಲ್ಲವರು. ಈ ಲೆಕ್ಕದ ತಪ್ಪು ಎಲ್ಲಿತ್ತೆಂದು ಅವರಿಗೆ ಹೊಳೆಯಿತು. ಪ್ರತಿಬಿಂಬವಾಗಿ ನಿಂತ ಎರಡು ಡಿಸ್ಕುಗಳೂ ಒಂದೇ ಪೆಟ್ಟಿಗೆಯಲ್ಲಿವೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಪಾಡೀತು. ಸಿಡಿಲು ಬಡಿದರೆ, ಬೆಂಕಿ ಬಿದ್ದರೆ, ಯಾರಾದರೂ ತಪ್ಪಿ ಅಳಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದರಲ್ಲಿ ಅಳಿಸಿದುದು ಅದೇ ಕ್ಷಣ ಮತ್ತೊಂದರಲ್ಲಿಯೂ ಅಳಿಯುತ್ತದೆ. ಪ್ರತಿಬಿಂಬದ ಸ್ವಭಾವವೇ ಅದು. ಯಂತ್ರ ಎಷ್ಟೇ ಭದ್ರವಾಗಿದ್ದರೂ ಒಂದು ಮನೆಯಲ್ಲಿರುವುದು ಒಂದೇ ಪ್ರತಿ.

ಈ ತಿಳಿವು ಹೊಸದೇನಲ್ಲ. ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಇದನ್ನು ಅರಿತು ನಡೆದಿದ್ದಳು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಕಾಪಾಡಬೇಕೆಂದು ಬಯಸಿದಾಗ ಅದನ್ನು ಭದ್ರವಾದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದನ್ನು ನಾವು ಶಾಸ್ತ್ರದಾನವೆಂದು ಪೂಜ್ಯಭಾವದಿಂದ ಸ್ಮರಿಸುತ್ತೇವೆ. ಅದು ಕಾಪಾಡುವ ವಿಧಾನವೂ ಆಗಿತ್ತೆಂಬುದನ್ನು ಮರೆಯುತ್ತೇವೆ. ಇನ್ನೊಂದೆಡೆ, ಧವಳ, ಜಯಧವಳ, ಮಹಾಧವಳಗಳ ತಾಳೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುವಂತಿದ್ದವು. ಒಂದು ಮಳೆಗಾಲದ ಸೋರಿಕೆಯೋ ಗೆದ್ದಲೋ ಸಾಕಾಗಿತ್ತು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾದ ಮೇಲೆಯೇ ಆ ಜ್ಞಾನವು ಒಂದು ಮಾಡಿನ ಅದೃಷ್ಟವನ್ನು ನೆಚ್ಚಿಕೊಂಡಿರುವುದು ತಪ್ಪಿತು. ತಾಳೆಗರಿಗಳನ್ನು ಅಷ್ಟು ಕಾಲ ಶ್ರದ್ಧೆಯಿಂದ ಕಾದವರ ಉಪಕಾರ ದೊಡ್ಡದು. ಕಾದುದು ಫಲ ಕೊಟ್ಟುದು ಮಾತ್ರ ಹಂಚಿದ ಮೇಲೆ.

ಭಂಡಾರದ ಯಂತ್ರವನ್ನು ಉಪಾಧ್ಯಾಯರು ಕಿತ್ತುಹಾಕಲಿಲ್ಲ. ಎಲ್ಲವನ್ನೂ ಕೂಡಿಹಾಕಿ, ವಿಂಗಡಿಸಿ, ಹೆಸರು ಬರೆದಿಡಲು ಅದು ಚೆನ್ನಾಗಿ ಒದಗಿತು. ಆದರೆ ಅದರ ಕೆಲಸ ಈಗ ಇಟ್ಟುಕೊಳ್ಳುವುದಕ್ಕಿಂತ ಕೊಡುವುದಾಯಿತು. ಸಾಧಾರಣವಾದ ಮೂರು ಚಿಕ್ಕ ಡಿಸ್ಕುಗಳನ್ನು ಹೊಸದಾಗಿ ಕೊಂಡು, ಎಲ್ಲವನ್ನೂ ಪ್ರತಿ ಮಾಡಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಒಂದೊಂದನ್ನು ಕಳುಹಿಸಿದರು. ಪ್ರತಿಯೊಂದು ಕಡತಕ್ಕೂ ಅದರ ಬೈಟುಗಳಿಂದಲೇ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಟ್ಟರು. ಒಂದು ಬೈಟು ಬದಲಾದರೂ ಆ ಸಂಖ್ಯೆ ತಾಳೆಯಾಗುವುದಿಲ್ಲ. ಉಳಿದ 44 ಕಾಸೆಟ್ಟುಗಳನ್ನು ಯಾವ ಕಾರಣಕ್ಕೂ ಹೊರಹಾಕಬಾರದೆಂದು ಪೆಟ್ಟಿಗೆಯ ಮೇಲೆ ತಮ್ಮ ಕೈಯಿಂದಲೇ ಬರೆದರು. ಅಪರಿಚಿತ ಮಗುವಿನ ಚಿತ್ರವಿದ್ದ ಡಿಸ್ಕೇ ಕಾದಿರಿಸಿದ ಮೂರನೆಯದು. ಅದರಲ್ಲಿ ಈಗ ಸೊನ್ನೆಗಳನ್ನು ಬಿಟ್ಟು ಬೇರೇನೂ ಇಲ್ಲ.

ತಾಳೆ ನೋಡುವ ದಿನವಾಗಿ ಶ್ರುತಪಂಚಮಿಯನ್ನು ಆರಿಸಿಕೊಂಡರು. ಹಿಂದೆ ಆ ದಿನ ಹಸ್ತಪ್ರತಿಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿಡುತ್ತಿದ್ದರಷ್ಟೆ. 2025ರ ಶ್ರುತಪಂಚಮಿಯಂದು ನಾಲ್ಕು ಊರುಗಳಲ್ಲಿಯೂ ಡಿಸ್ಕುಗಳನ್ನು ತೆರೆದು ಸಂಖ್ಯೆಗಳನ್ನು ಓದಿ ಹೋಲಿಸಿದರು. ಹೊಸದುರ್ಗದ ಪ್ರತಿಯಲ್ಲಿ ಒಂದು ಕಡತ ಕೆಟ್ಟಿತ್ತು. ತಂಗಿಯು ಆ ಸಂಗತಿಯನ್ನು ಅಂದೇ, ಆ ಗಳಿಗೆಯಲ್ಲಿಯೇ, ಅಣ್ಣನಿಗೂ ಉಳಿದಿಬ್ಬರಿಗೂ ದೂರವಾಣಿಯಲ್ಲಿ ತಿಳಿಸಿದಳು. ಮರುವಾರ ಹಿರಿಯೂರಿನ ಪ್ರತಿಯಿಂದ ಅದನ್ನು ಸರಿಪಡಿಸಿದರು.